ಹನ್ನೊಂದರ ಲೆಕ್ಕ ತಪ್ಪಿಸದ ಅರೀತಾ

ಅಮೆರಿಕದ ಸಂಗೀತ ಸಂಯೋಜಕ ಬರ್ಟ್ ಬಕರಾಕ್ ಹಾಡುಗಳ ಮಾತು ಬಂದಾಗಲೆಲ್ಲ ಒಂದು ವಾದ ಕೇಳುತ್ತೇವೆ: ಅವು ಬರೀ ನಯವಾದ ಪಾಪ್ ಹಾಡುಗಳಾಗಿದ್ದವು, ಸೋಲ್ (ಗಾಸ್ಪೆಲ್ ಬೇರಿನ ಕಪ್ಪು ಅಮೆರಿಕನ್ನರ ಸಂಗೀತ) ಗಾಯಕರು ಬಂದು ಜೀವ ತುಂಬಿದರು ಅಂತ. ನಾನಿದನ್ನು ಒಪ್ಪುವುದಿಲ್ಲ. ಈ ಹಾಡುಗಳ ಮೂಲ ದನಿ ಡಿಯಾನ್ ವಾರ್ವಿಕ್, ಚರ್ಚಿನಲ್ಲಿ ಗಾಸ್ಪೆಲ್ ಭಕ್ತಿಗೀತೆ ಹಾಡುತ್ತಲೇ ಬೆಳೆದವರು. ಜೀವ ಮೊದಲಿಂದಲೂ ಇತ್ತು. ಆಮೇಲೆ ಬಂದ ದೊಡ್ಡವರು ಒಂದೊಂದು ಹಾಡಲ್ಲಿ ಯಾವುದೋ ಒಂದನ್ನು ಬದಲಿಸಿ, ಮಿಕ್ಕಿದ್ದನ್ನು ಜೋಪಾನ ಮಾಡಿದರು.

'ಐ ಸೇ ಎ ಲಿಟಲ್ ಪ್ರೇಯರ್' ತಗೊಳ್ಳಿ. ಸಾಹಿತ್ಯ ಹ್ಯಾಲ್ ಡೇವಿಡ್ ಅವರದು. ಬೆಳಿಗ್ಗೆ ಎದ್ದು ತಯಾರಾಗಿ, ಬಸ್ ಹಿಡಿದು ಕೆಲಸಕ್ಕೆ ಹೋಗುವ ಹೆಂಗಸು ನಡುನಡುವೆ ಪ್ರಾರ್ಥನೆ ಮಾಡಿಕೊಳ್ಳುತ್ತಾಳೆ. ವಿಯೆಟ್ನಾಂ ಯುದ್ಧಕ್ಕೆ ಹೋದವನನ್ನು ನೆನೆವ ಹೆಣ್ಣು ಬರೆದವರ ಮನಸ್ಸಿನಲ್ಲಿದ್ದಳು, ಆದರೆ ಯುದ್ಧ ಅನ್ನುವ ಪದ ಹಾಡಲ್ಲಿ ಎಲ್ಲೂ ಇಲ್ಲ. ಆ ಕಳವಳ ಇರುವುದು ತಾಳದ ಲೆಕ್ಕದಲ್ಲಿ. ಕೋರಸ್‌ನ ಒಂದೊಂದು ಸಾಲಿಗೂ 11 ಎಣಿಕೆ: ನಾಲ್ಕರದು ಎರಡು, ಮೂರರದು ಒಂದು. ಕಿವಿ 12ಕ್ಕೆ ಕಾಯುತ್ತಿರುವಾಗ ಮುಂದಿನ ಸಾಲು ಒಂದು ಎಣಿಕೆ ಮುಂಚೆಯೇ ಬಂದುಬಿಡುತ್ತದೆ. ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು ಬಾಯಿಗೆ ಬಂದ ಹಾಗೆ. ಕವರ್ ಮಾಡುವವರು, ಅಂದರೆ ಈ ಹಾಡನ್ನು ಮತ್ತೆ ಹಾಡುವವರು, ಎಡವುವುದು ಇಲ್ಲೇ. ಉಸಿರಿಗೆ ಜಾಗ ಸಿಗಲಿ ಎಂದು ಒಂದು ಬೀಟ್ ಸೇರಿಸಿ 12 ಮಾಡುತ್ತಾರೆ. ಆತುರ ಸತ್ತುಹೋಗುತ್ತದೆ, ಹಾಡು ಜೋಗುಳದಂತಾಗುತ್ತದೆ. ಕೈಯಲ್ಲಿ ತಾಳ ಹಾಕಿ ಕಲಿತ ನಮ್ಮವರಿಗೆ ಇದು ಕಷ್ಟವಲ್ಲ. ಮೊದಲು ಪದವಿಲ್ಲದೆ 11ರ ಆವರ್ತ ಹತ್ತು ಸಲ ತಟ್ಟಿ, ಆಮೇಲೆ ಬಾಯಿ ತೆರೆಯಿರಿ.

ಡಿಯಾನ್ ರೆಕಾರ್ಡ್ ಬಂದದ್ದು 1967ರಲ್ಲಿ. ಮರುವರ್ಷವೇ ಸೋಲ್ ಗಾಯಕಿ ಅರೀತಾ ಫ್ರಾಂಕ್ಲಿನ್ ಹಾಡಿದರು. ಅರೀತಾ 11ನ್ನು ಮುಟ್ಟಲಿಲ್ಲ. ಯಾರು ಏನು ಹಾಡಬೇಕು ಎನ್ನುವುದನ್ನು ಬದಲಿಸಿದರು. ಕೋರಸ್‌ನ ಸಾಲುಗಳನ್ನು ಸ್ವೀಟ್ ಇನ್‌ಸ್ಪಿರೇಷನ್ಸ್ ಎಂಬ ಹಿಮ್ಮೇಳ ತಂಡದ ಹುಡುಗಿಯರಿಗೆ ಬಿಟ್ಟು, ತಾವು ನಡುವೆ ಉತ್ತರ ಕೊಡುತ್ತ ಹೋದರು. ಲೆಕ್ಕದ ಹೊರೆ ಅವರ ಮೇಲೆ, ಸ್ವಾತಂತ್ರ್ಯ ಅರೀತಾಗೆ. ಒಬ್ಬಳ ಪ್ರಾರ್ಥನೆ ಹಲವರದಾಯಿತು. (ಆ ತಂಡದ ಸಿಸ್ಸಿ ಹ್ಯೂಸ್ಟನ್ ಡಿಯಾನ್ ಅವರ ಚಿಕ್ಕಮ್ಮ. ಮನೆಯ ಹಾಡು ಮನೆಯಲ್ಲೇ ಉಳಿಯಿತು.) ಡಿಯಾನ್ ಜೊತೆ ತಾವು ಮಾಡಿದ ರೆಕಾರ್ಡಿಂಗ್ ವೇಗ ಹೆಚ್ಚಾಯಿತು, ಅರೀತಾ ಹಾಡಿದ್ದೇ ಚೆನ್ನ ಎಂದು ಸ್ವತಃ ಬಕರಾಕ್ ಒಪ್ಪಿಕೊಂಡಿದ್ದರು.

ಇನ್ನೊಬ್ಬ ಸೋಲ್ ಗಾಯಕ ಐಸಾಕ್ ಹೇಯ್ಸ್ ಬದಲಿಸಿದ್ದು ಕಾಲವನ್ನು. ಡಿಯಾನ್ ಹಾಡಿದ 'ವಾಕ್ ಆನ್ ಬೈ' 1964ರಲ್ಲಿ ಮೂರು ನಿಮಿಷದ ಹಾಡು. 1969ರ 'ಹಾಟ್ ಬಟರ್ಡ್ ಸೋಲ್' ಆಲ್ಬಂನಲ್ಲಿ ಅದು 12 ನಿಮಿಷ, ದನಿ ಕೇಳಲು ಎರಡು ನಿಮಿಷಕ್ಕೂ ಮಿಕ್ಕಿ ಕಾಯಬೇಕು. ತಂತಿವಾದ್ಯಗಳು, ಒರಟು ದನಿಯ ಫಝ್ ಗಿಟಾರ್, ನಿಧಾನದ ಡ್ರಮ್ಸ್. ಅಳುವುದನ್ನು ನೋಡದೆ ದಾಟಿ ಹೋಗು ಎಂದು ಬೇಡುವವನಿಗೆ ಆ ದಾಟುವ ಕ್ಷಣ ಎಷ್ಟು ಉದ್ದ ಎನ್ನುವುದು ಆಗ ಗೊತ್ತಾಗುತ್ತದೆ. ರೇಡಿಯೊಗೆಂದು ಅರ್ಧಕ್ಕಿಂತ ಕಮ್ಮಿಗೆ ಕತ್ತರಿಸಿದ ಸಿಂಗಲ್ ದಯವಿಟ್ಟು ಕೇಳಬೇಡಿ, ಕಾಯುವುದನ್ನೇ ತೆಗೆದುಹಾಕಿದ್ದಾರೆ.

ಇನ್ನು ಲೂಥರ್ ವ್ಯಾಂಡ್ರೋಸ್, 1981, 'ಎ ಹೌಸ್ ಈಸ್ ನಾಟ್ ಎ ಹೋಮ್', ಸುಮಾರು 7 ನಿಮಿಷ. ಯಾರೂ ಕೂರದಿದ್ದರೂ ಕುರ್ಚಿ ಕುರ್ಚಿಯೇ ಎಂದು ಶುರುವಾಗುವ ಹಾಡು. ಇದನ್ನು ಕೇಳಿದವರೆಲ್ಲ ಮೊದಲ ಸಾಲಿಂದಲೇ ಗಂಟಲು ಬಳುಕಿಸಲು ಹೊರಡುತ್ತಾರೆ. ಲೂಥರ್ ತಮ್ಮ ದೊಡ್ಡ ಗಂಟನ್ನು ಬಿಚ್ಚುವುದು ಕೊನೆಯಲ್ಲಿ: ನೀನಿನ್ನೂ ನನ್ನ ಪ್ರೀತಿಸುತ್ತಿದ್ದರೆ ಎನ್ನುವ ಒಂದು ತುಣುಕಿನ ಮೇಲೆ ನಮ್ಮ ಕರ್ನಾಟಕ ಸಂಗೀತದ ಸಂಗತಿಗಳ ಹಾಗೆ ಸುತ್ತಿ ಸುತ್ತಿ ಬರುತ್ತಾರೆ. ಅಷ್ಟು ಹೊತ್ತಿಗೆ ಖಾಲಿ ಮನೆಯನ್ನೆಲ್ಲ ನಾವು ನೋಡಿಯಾಗಿರುತ್ತದೆ. ಕಲಿಯುವವರು ಮೊದಲು 1964ರ ಡಿಯಾನ್ ರೆಕಾರ್ಡ್ ಜೊತೆ ಒಂದೂ ಬಿರ್ಕಾ (ಗಂಟಲ ಬಳುಕು) ಇಲ್ಲದೆ ಪೂರ್ತಿ ಹಾಡಿ. ಸ್ವರದ ಜಿಗಿತಗಳು ಸ್ವಚ್ಛವಾಗಿ ನಿಂತ ಮೇಲೆ ಲೂಥರ್ ಹತ್ತಿರ ಬನ್ನಿ.