ಗಂಟೆಗೆ ಮೂವತ್ತರ ಸುಖ

ಮನಸ್ಸು ಸರಿಯಿಲ್ಲ ಎಂದು ಬೆಂಗಳೂರಿನಲ್ಲಿ ಯಾರ ಹತ್ತಿರ ಹೇಳಿಕೊಂಡರೂ ಸಿಗುವ ಮದ್ದು ಒಂದೇ: “ಎಲ್ಲಾದ್ರೂ ಎರಡು ದಿನ ಬೆಟ್ಟಗಿಟ್ಟ ಹತ್ತಿ ಬಾ.” ಮದ್ದು ಸುಳ್ಳಲ್ಲ. ಆದರೆ ಪಥ್ಯವನ್ನು ಯಾರೂ ಹೇಳುವುದಿಲ್ಲ. ಶನಿವಾರ ಬೆಳಗ್ಗೆ ಊರಿಗೆ ಊರೇ ಮನಸ್ಸು ರಿಪೇರಿಗೆ ಹೊರಟರೆ ನೆಲಮಂಗಲ ದಾಟುವಷ್ಟರಲ್ಲಿ ಇದ್ದಬದ್ದ ನೆಮ್ಮದಿಯೂ ಹಾರ್ನ್‌ಗೆ ಬಲಿಯಾಗಿರುತ್ತದೆ. ಮುಳ್ಳಯ್ಯನಗಿರಿ 1930 ಮೀಟರ್ ಎತ್ತರದ್ದು, ನಮ್ಮ ರಾಜ್ಯದಲ್ಲೇ ಅದಕ್ಕಿಂತ ಎತ್ತರದ ಶಿಖರವಿಲ್ಲ. ರಜೆಯ ದಿನ ಅದರ ಬುಡದಲ್ಲಿ ಪಾರ್ಕಿಂಗ್ ಹುಡುಕುವವರ ಮುಖ ನೋಡಿದರೆ ಸಿಲ್ಕ್ ಬೋರ್ಡ್ ಜಂಕ್ಷನ್ನೇ ವಾಸಿ ಅನಿಸುತ್ತದೆ.

ನನಗೆ ಹಿಡಿಸಿದ್ದು ಬೆಟ್ಟ ಹತ್ತುವುದಲ್ಲ, ಘಟ್ಟ ಇಳಿಯುವುದು. ಅದೂ ಯಶವಂತಪುರದಿಂದ ಬೆಳಗ್ಗೆ ಹೊರಡುವ ಮಂಗಳೂರು ಕಡೆಯ ರೈಲಿನಲ್ಲಿ. ಹಾಸನದವರೆಗೆ ಅದು ಎಲ್ಲ ರೈಲುಗಳಂತೆಯೇ: ಚುರುಮುರಿ, ಕಾಫಿ, ಪಕ್ಕದವರ ಮೊಬೈಲಿನಿಂದ ಜೋರಾಗಿ ಬರುವ ರೀಲ್ಸ್. ಸಕಲೇಶಪುರ ಬಿಟ್ಟ ಮೇಲೆ ಬೇರೆಯೇ ಲೋಕ. ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, ಲೆಕ್ಕ ತಪ್ಪುವಷ್ಟು ಸೇತುವೆಗಳು. ಇಳಿಜಾರು ಎಷ್ಟೆಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಕೆಳಗೆ. ಹಾಗಾಗಿ ರೈಲು ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. ನಿಮ್ಮ ಅವಸರ ಎಷ್ಟೇ ಇರಲಿ, ಹಣ ಎಷ್ಟೇ ಕೊಡಿ, ಮೂವತ್ತೇ.

ಈ ಮೂವತ್ತರಲ್ಲೇ ಇರುವುದು ಗುಟ್ಟು. ಕಾರಿನಲ್ಲಾದರೆ ಶಿರಾಡಿಯೋ ಚಾರ್ಮಾಡಿಯೋ ಎಂದು ತಲೆಕೆಡಿಸಿಕೊಳ್ಳಬೇಕು; ಎಲ್ಲಿ ನಿಲ್ಲಿಸೋಣ, ಎಲ್ಲಿ ಫೋಟೊ, ಎಲ್ಲಿ ಊಟ ಎಂದು ಪಂಚಾಯ್ತಿ ಬೇರೆ. ಇಲ್ಲಿ ತೀರ್ಮಾನಿಸುವುದಕ್ಕೆ ಏನೂ ಉಳಿದಿಲ್ಲ. ದೋಣಿಗಲ್ಲು ದಾಟುತ್ತಲೇ ಮೊಬೈಲಿನ ಕಡ್ಡಿಗಳು ಒಂದೊಂದಾಗಿ ಬೀಳುತ್ತವೆ. ಮೊದಲ ಹತ್ತು ನಿಮಿಷ ಕೈ ಚಡಪಡಿಸುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಸುರಂಗ ಬಂದಾಗಲೆಲ್ಲ ಬೋಗಿಯ ಮಕ್ಕಳು ‘ಹೋ’ ಎಂದು ಕೂಗುತ್ತವೆ. ನಾಲ್ಕನೆಯ ಸುರಂಗದ ಹೊತ್ತಿಗೆ ಬ್ಯಾಂಕಿನ ಅಧಿಕಾರಿಯಂತೆ ಕಾಣುವ ಒಬ್ಬರು ಕತ್ತಲಿನ ಮರೆಯಲ್ಲಿ ತಾವೂ ಕೂಗುತ್ತಾರೆ. ಬೆಳಕು ಬಂದಾಗ ಏನೂ ಆಗದವರಂತೆ ಕನ್ನಡಕ ಒರೆಸಿಕೊಳ್ಳುತ್ತಾರೆ.

2021ರ ಜುಲೈಯಿಂದ ಈ ದಾರಿಯಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳೂ ಓಡುತ್ತಿವೆ. ಚೆನ್ನಾಗಿವೆ, ಕುರ್ಚಿಯೂ ತಿರುಗುತ್ತದೆ. ನನಗೆ ಮಾತ್ರ ಕಬ್ಬಿಣದ ಸರಳಿನ ಕಿಟಕಿಯೇ ಬೇಕು. ಮಳೆಗಾಲದಲ್ಲಿ ಬಂಡೆಯಿಂದ ಧುಮುಕುವ ಝರಿಯ ಹನಿ ಮುಖಕ್ಕೆ ಸಿಡಿಯಬೇಕು, ಕೊಳೆತ ಎಲೆಯ ವಾಸನೆ ಮೂಗಿಗೆ ಬರಬೇಕು. ಎಸಿಯೊಳಗೆ ಕುಳಿತು ಕಾಡು ನೋಡುವುದಾದರೆ ಮನೆಯ ಟಿವಿಗೆ ಏನಾಗಿದೆ?

ಹೀಗೆ ಹಾಯಾಗಿ ಕುಳಿತವನಿಗೆ ಎಡಕುಮೇರಿಯ ಹತ್ತಿರ ಕಂಬಳಿಯಂತೆ ಪ್ಲಾಸ್ಟಿಕ್ ಹೊದ್ದು ಹಳಿಯ ಪಕ್ಕಕ್ಕೆ ಸರಿದು ನಿಂತ ಗ್ಯಾಂಗ್‌ಮನ್‌ಗಳು ಕಾಣುತ್ತಾರೆ. ಕಾಲಿಗೆ ಇಂಬಳ ಹತ್ತಿಸಿಕೊಂಡು, ಗುಡ್ಡ ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡುತ್ತ ನಡೆಯುವುದೇ ಅವರ ನಿತ್ಯದ ಕೆಲಸ. 2024ರ ಜುಲೈಯಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಹಳಿಯಡಿಯ ಮಣ್ಣೇ ಜಾರಿ ರೈಲುಗಳು ನಿಂತುಹೋಗಿದ್ದವು. ನಾವು ‘ಆಹಾ’ ಎನ್ನುವ ಮಳೆ ಅವರಿಗೆ ಡ್ಯೂಟಿ. ಅವರ ಮನಸ್ಸು ಸರಿಯಿಲ್ಲದಾಗ ಎಲ್ಲಿಗೆ ಹೋಗುತ್ತಾರೋ, ಕೇಳುವಷ್ಟು ಹೊತ್ತು ರೈಲು ಅಲ್ಲಿ ನಿಲ್ಲಲಿಲ್ಲ.

ಆ ಪ್ರಶ್ನೆಗೆ ಉತ್ತರ ಎದುರು ಸೀಟಿನಲ್ಲೇ ಇತ್ತು. ಪುತ್ತೂರು ಕಡೆಯ ಅಡಿಕೆ ಕೃಷಿಕರು, ಮಗಳ ಮನೆಯಿಂದ ವಾಪಸು ಹೊರಟವರು. ಘಟ್ಟ ಶುರುವಾದಾಗ ಮಲಗಿದವರು ಸುಬ್ರಹ್ಮಣ್ಯ ರೋಡ್‌ನ ಸೆಕೆಗೆ ಎದ್ದರು. “ಅಷ್ಟು ಚಂದದ ಕಾಡು, ನೋಡಲೇ ಇಲ್ವಲ್ಲ ನೀವು,” ಎಂದೆ.

“ಕಾಡು ಎಂತ ನೋಡುದು ಮಾರಾಯ್ರೆ? ನಮ್ಮ ತೋಟಕ್ಕೆ ದಿನಾ ರಾತ್ರಿ ಹಂದಿ ಬರ್ತದೆ, ಪುಕ್ಕಟೆ. ಅದನ್ನು ಓಡಿಸಿ ಓಡಿಸಿ ಸಾಕಾಗಿಯೇ ನಾನು ಬೆಂಗ್ಳೂರಿಗೆ ಹೋದದ್ದು.”

“ಅಲ್ಲಿ ಏನು ನೋಡಿದಿರಿ?”

“ಮೆಜೆಸ್ಟಿಕ್. ಅಳಿಯ ಆಫೀಸಿಗೆ ಹೋದ ಮೇಲೆ ದಿನಾ ಅಲ್ಲಿ ಹೋಗಿ ಕೂತ್ಕೊಳ್ಳುದು. ಎಷ್ಟು ಬಸ್ಸು, ಎಷ್ಟು ಜನ! ಒಬ್ಬರಾದ್ರೂ ಅಡಿಕೆಗೆ ರೇಟೆಷ್ಟು ಅಂತ ಕೇಳಿದ್ರೆ ಹೇಳಿ. ತಲೆ ಎಷ್ಟು ಹಗುರ ಆಯ್ತು ಗೊತ್ತುಂಟಾ?”