ಕುವೈತಿಗೂ ಬಂತಪ್ಪ ಲೋಡ್ ಶೆಡ್ಡಿಂಗ್

2024ರ ಜೂನಲ್ಲಿ ಕುವೈತಿನ ವಿದ್ಯುತ್ ಇಲಾಖೆ ಒಂದು ಪಟ್ಟಿ ಬಿಡ್ತು. ಯಾವ ಏರಿಯಾದಲ್ಲಿ ಎಷ್ಟೊತ್ತಿಗೆ ಕರೆಂಟ್ ತೆಗೀತಾರೆ ಅಂತ. ಬೆಳಗ್ಗೆ 11ರಿಂದ ಸಂಜೆ 5ರ ಒಳಗೆ, ದಿನಕ್ಕೆ ಹೆಚ್ಚಂದ್ರೆ ಎರಡು ಗಂಟೆ. ಇಂಥ ಪಟ್ಟಿ ನೋಡ್ಕೊಂಡೇ ಬೆಳೆದ ನಮ್ಮಂಥವರಿಗೆ ಮೊದಲು ನಗು ಬಂತು, ಆಮೇಲೆ ಒಂಚೂರು ಹೆಮ್ಮೆನೂ ಆಯ್ತು. ಯಾಕಂದ್ರೆ 1961ರ ತನಕ ಅಲ್ಲಿ ಓಡ್ತಿದ್ದಿದ್ದು ನಮ್ಮ ರೂಪಾಯಿನೇ, ಗಲ್ಫಿಗೆ ಅಂತಲೇ ರಿಸರ್ವ್ ಬ್ಯಾಂಕ್ ಬೇರೆ ನೋಟು ಅಚ್ಚು ಹಾಕಿಸಿ ಕೊಟ್ಟಿತ್ತು, ಆಮೇಲೆ ಅವರು ಅದನ್ನ ಬಿಟ್ಟು ಸ್ವಂತ ದಿನಾರ್ ಮಾಡ್ಕೊಂಡ್ರು, ಈಗ ಪ್ರಪಂಚದಲ್ಲೇ ಎಲ್ಲಕ್ಕಿಂತ ದುಬಾರಿ ಕರೆನ್ಸಿ ಅದು. ರೂಪಾಯಿ ಬೇಡ ಅಂದವರು 63 ವರ್ಷ ಬಿಟ್ಟು ನಮ್ಮ ಲೋಡ್ ಶೆಡ್ಡಿಂಗ್ ತಗೊಂಡ್ರು ನೋಡಿ.

ಪಾಪ ಅಲ್ಲಿರೋ ನಮ್ಮ ಕರಾವಳಿ ಹುಡುಗರ ಕಥೆ ಯೋಚನೆ ಮಾಡಿ. ಊರಿಗೆ ಫೋನ್ ಮಾಡಿ "ಅಮ್ಮಾ ಇಲ್ಲಿ ಕರೆಂಟ್ ಇಲ್ಲ" ಅಂದ್ರೆ ಯಾವ ತಾಯಿ ನಂಬ್ತಾಳೆ? "ಸುಮ್ನೆ ರೈಲ್ ಬಿಡ್ಬೇಡ ಮಾರಾಯ, ಈ ತಿಂಗಳು ದುಡ್ಡು ಕಳಿಸ್ಲಿಕ್ಕೆ ಆಗುದಿಲ್ಲ ಅಂತಾದ್ರೆ ಹಾಗೇ ಹೇಳು" ಅಂತಾಳೆ.

ಇನ್ನೊಂದು ಮಜಾ ಕೇಳಿ. ಆ ದೇಶದಲ್ಲಿ ಜೂನ್ 1ರಿಂದ ಆಗಸ್ಟ್ 31ರ ತನಕ ಬೆಳಗ್ಗೆ 11ರಿಂದ ಸಂಜೆ 4ರವರೆಗೆ ಹೊರಗಡೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ. ಕಾನೂನು ಒಳ್ಳೇದೇ, ನಾನೇನೂ ಬೇಡ ಅನ್ನಲ್ಲ. ನಮ್ಮಲ್ಲಿ ಕಲಬುರಗಿ ಕಡೆ ಬೇಸಿಗೆ ಬಂದ್ರೆ ಫ್ಯಾನ್ ಕೆಳಗೆ ಕೂರೋ ಗುಮಾಸ್ತರಿಗೆ ಆಫೀಸ್ ಟೈಮ್ ಬದಲಾಯಿಸ್ತಾರೆ, ಆಫೀಸಿನ ಮುಂದೆ ಡಾಂಬರು ಕುದಿಸೋನಿಗೆ ಅಂಥ ಕಾನೂನೂ ಇಲ್ಲ. ಆದ್ರೆ ಕುವೈತಿನ ಕಾನೂನಿಗೆ ಗಡಿಯಾರ ಗೊತ್ತು, ಥರ್ಮಾಮೀಟರ್ ಗೊತ್ತಿಲ್ಲ. 10:55ಕ್ಕೆ ಕಬ್ಬಿಣದ ರಾಡ್ ಮುಟ್ಟಿದ್ರೆ ಅಂಗೈ ಸುಡೋದು ಕಾನೂನುಬದ್ಧ, 11:05ಕ್ಕೆ ಅಪರಾಧ. ಸೆಪ್ಟೆಂಬರ್ 1ಕ್ಕೆ ಸೂರ್ಯನಿಗೆ ಸರ್ಕಾರದಿಂದ ಕ್ಲೀನ್ ಚಿಟ್. ಸರಿ, ಕೆಲಸದವನು 11ಕ್ಕೆ ಹೆಲ್ಮೆಟ್ ತೆಗೆದು ತಂಪಿಗೆ ಅಂತ ಒಳಗೆ ಬಂದ, ಕರೆಂಟ್ ತೆಗೆಯೋಕೆ ಶುರು ಮಾಡೋದೂ 11ಕ್ಕೇ! ಹೊರಗಿದ್ರೆ ಕಾರ್ಮಿಕ ಇಲಾಖೆ ಬೈಯತ್ತೆ, ಒಳಗೆ ಬಂದ್ರೆ ವಿದ್ಯುತ್ ಇಲಾಖೆ ಬೇಯಿಸತ್ತೆ. ಎರಡು ಇಲಾಖೆಯವರು ಒಂದು ಸಲ ಕೂತು ಚಹಾ ಕುಡಿದಿದ್ರೂ ಸಾಕಿತ್ತು.

ಬಿಸಿಲು ಅಂದ್ರೆ ನಮ್ಮ ರಾಯಚೂರು ಬಿಸಿಲು ಅಂದ್ಕೋಬೇಡಿ. ಅಲ್ಲಿನ ಮಿತ್ರಿಬಾ ಅನ್ನೋ ಜಾಗದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ಆಗಿತ್ತು. ಇದಕ್ಕೆ ದೇಶ ಕಂಡ್ಕೊಂಡ ಉಪಾಯ ಒಂದೇ, ಎಸಿ. ಎಣ್ಣೆ ಗ್ಯಾಸು ಸುಟ್ಟು ಕರೆಂಟ್ ಮಾಡು, ಕರೆಂಟಲ್ಲಿ ಎಸಿ ಓಡಿಸು, ಎಸಿ ಬಿಸಿಗಾಳಿನ ರಸ್ತೆಗೆ ಉಗಿಯತ್ತೆ, ರಸ್ತೆ ಇನ್ನಷ್ಟು ಕಾಯತ್ತೆ, ಇನ್ನೊಂದು ಎಸಿ ಹಾಕು. ನದಿ ಅನ್ನೋದೇ ಇಲ್ಲ, ಸಮುದ್ರದ ನೀರಿನ ಉಪ್ಪು ತೆಗೆದು ಕುಡೀಬೇಕು, ಅದಕ್ಕೂ ಇಂಧನ ಸುಡು. ಇಷ್ಟಕ್ಕೂ ನಾಗರಿಕರ ಮನೆಗೆ ಯೂನಿಟ್ಟಿಗೆ 2 ಫಿಲ್ಸ್, ನಮ್ಮ ದುಡ್ಡಲ್ಲಿ ಅರ್ಧ ರೂಪಾಯಿ ಚಿಲ್ಲರೆ, 1966ರಿಂದ ಇದೇ ರೇಟು. ಫ್ಲ್ಯಾಟಲ್ಲಿರೋ ಪರದೇಶದವರಿಗೆ ಜಾಸ್ತಿ ಬಿಡಿ. ಅರ್ಧ ರೂಪಾಯಿಗೆ ಸಿಗೋ ಕರೆಂಟನ್ನ ಯಾರು ಆಫ್ ಮಾಡ್ತಾರೆ, ಮನೆಮಂದಿ ಬೇಸಿಗೆ ಕಳೆಯೋಕೆ ಲಂಡನ್ನಿಗೆ ಹೋದ್ರೂ ಖಾಲಿ ಮನೇಲಿ ಸೋಫಾಗೆ ತಣ್ಣಗಿರಲಿ ಅಂತ ಎಸಿ ಓಡ್ತಾ ಇರತ್ತೆ. ರೇಟ್ ಏರಿಸೋಣ ಅಂದ್ರೆ ಸಂಸದರು ಬಿಡಲ್ಲ ಅಂತ ಸರ್ಕಾರ ಗೊಣಗ್ತಿತ್ತು. 2024ರ ಮೇ ತಿಂಗಳಲ್ಲಿ ಅಮೀರರು, ಅಂದ್ರೆ ಅಲ್ಲಿನ ದೊರೆ, ಸಂಸತ್ತನ್ನೇ ವಿಸರ್ಜಿಸಿ 4 ವರ್ಷದ ತನಕ ಬೇಡ ಅಂದ್ರು, ಮುಂದಿನ ತಿಂಗಳೇ ಕರೆಂಟ್ ಹೋಯ್ತು, ಈಗ ಬೈಯೋಣ ಅಂದ್ರೂ ಸಂಸದರು ಸಿಗ್ತಿಲ್ಲ.

ಹಾಗಂತ ಪ್ಲಾನ್ ಇಲ್ಲ ಅನ್ಬೇಡಿ, ಪ್ಲಾನ್ ಬೇಕಾದಷ್ಟಿದೆ. 2012ರಲ್ಲಿ ದೋಹಾ ಹವಾಮಾನ ಸಮ್ಮೇಳನದಲ್ಲಿ ಆಗಿನ ಅಮೀರರು 2030ಕ್ಕೆ ನಮ್ಮ ಕರೆಂಟಲ್ಲಿ ಶೇ 15 ಸೋಲಾರ್, ಗಾಳಿ ಇಂಥದ್ದರಿಂದಲೇ ಅಂತ ಘೋಷಣೆ ಮಾಡಿದ್ರು. ಅದಕ್ಕೇ ಅಂತ ದಿಬ್‌ದಿಬಾ ಅನ್ನೋ ದೊಡ್ಡ ಸೋಲಾರ್ ಯೋಜನೆ, 1,500 ಮೆಗಾವ್ಯಾಟ್. 2020ರಲ್ಲಿ ಕೋವಿಡ್ ಕಾರಣ ಕೊಟ್ಟು ರದ್ದು ಮಾಡಿದ್ರು. ಸೂರ್ಯನಿಗೂ ಪಾಸಿಟಿವ್ ಬಂದಿತ್ತೇನೋ ಗೊತ್ತಿಲ್ಲ. ಅತ್ತ ಮರುಭೂಮಿಯಲ್ಲಿ ರೇಷ್ಮೆ ನಗರ ಅಂತ ಒಂದು ಕಟ್ತಾರಂತೆ, ನಡುವೆ 1,001 ಮೀಟರ್ ಎತ್ತರದ ಗೋಪುರ. ಅದಕ್ಕೆ ಹೋಗೋಕೆ ಕೊಲ್ಲಿ ಮೇಲೆ 36 ಕಿಲೋಮೀಟರ್ ಸೇತುವೆ 2019ರಲ್ಲೇ ರೆಡಿ ಆಯ್ತು. ಸೇತುವೆ ಸೂಪರ್ ಇದೆ, ದಾಟಿ ಆಚೆ ಇಳಿದ್ರೆ ಮರಳು ಸಿಗತ್ತೆ, ನಗರ ಇನ್ನೂ ಬಂದಿಲ್ಲ.

ಸರ್ಕಾರದ ಆದಾಯದಲ್ಲಿ ಶೇ 90ರಷ್ಟು ಎಣ್ಣೆಯದ್ದೇ. ಇದು ಅಪಾಯ, ಎಣ್ಣೆ ಬಿಟ್ಟು ಬೇರೆ ಆರ್ಥಿಕತೆ ಕಟ್ಬೇಕು ಅಂತ ಮಾಡಿದ್ದೇ ವಿಷನ್ 2035. ಅದೇ 2035ಕ್ಕೆ ದಿನಕ್ಕೆ 40 ಲಕ್ಷ ಬ್ಯಾರೆಲ್ ಎಣ್ಣೆ ತೆಗೆಯೋ ಸಾಮರ್ಥ್ಯ ಬೇಕು ಅಂತ ಎಣ್ಣೆ ಕಂಪನಿದು ಇನ್ನೊಂದು ವಿಷನ್. ಎಡಗಣ್ಣಿಗೊಂದು ಬಲಗಣ್ಣಿಗೊಂದು. ಕರೆಂಟ್ ಹೋದ ಮುಂದಿನ ತಿಂಗಳು, ಜುಲೈನಲ್ಲಿ, ಸಮುದ್ರದೊಳಗೆ 320 ಕೋಟಿ ಬ್ಯಾರೆಲ್‌ನಷ್ಟು ಎಣ್ಣೆ ಮತ್ತು ಗ್ಯಾಸ್ ಸಿಕ್ತು ಅಂತ ದೊಡ್ಡ ಪ್ರಕಟಣೆ. ದೇಶಕ್ಕೆ ದೇಶವೇ ಖುಷಿ. ಅದಾಗಿ ಆಗಸ್ಟಲ್ಲಿ ಕರೆಂಟ್ ತಯಾರಿಸೋಕೆ ಗ್ಯಾಸ್ ಸಾಲಲ್ಲ ಅಂತ ಪಕ್ಕದ ಕತಾರ್ ಜೊತೆ 15 ವರ್ಷದ ಖರೀದಿ ಒಪ್ಪಂದ. ಮುಂದಿನ ವರ್ಷ ಲೋಡ್ ಶೆಡ್ಡಿಂಗ್ ಜೂನ್ ತನಕ ಕಾಯ್ಲೂ ಇಲ್ಲ, ಏಪ್ರಿಲಲ್ಲೇ ಹಾಜರ್.

ಮುಂದಾಲೋಚನೆ ಇಲ್ಲದ ಜನ ಅಂತೂ ಅಲ್ಲ ಮತ್ತೆ. ಎಣ್ಣೆ ಒಂದಿನ ಖಾಲಿಯಾಗತ್ತೆ ಅಂತ 1976ರಲ್ಲೇ 'ಮುಂದಿನ ಪೀಳಿಗೆಗಳ ನಿಧಿ' ಅಂತ ಮಾಡಿ ವರ್ಷಾವರ್ಷ ಆದಾಯದಲ್ಲಿ ಒಂದು ಪಾಲು ತೆಗೆದಿಡ್ತಾ ಬಂದ್ರು, ಆ ದುಡ್ಡೆಲ್ಲ ಹೊರದೇಶಗಳಲ್ಲಿ ಹೂಡಿಕೆ ಮಾಡಿದ್ದಾರೆ. ಅಂದ್ರೆ ಮುಂದಿನ ಪೀಳಿಗೆಯ ದುಡ್ಡು ಆಗಲೇ ತಂಪು ದೇಶಗಳಲ್ಲಿ ಸೆಟ್ಲ್ ಆಗಿದೆ, ಪೀಳಿಗೆಗೆ ಮಾತ್ರ ವೀಸಾ ಬಾಕಿ.