ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಕ್ಕನ ಮಗ ಅಮೆರಿಕದ ಸೇನೆಯಲ್ಲಿ ಕ್ಯಾಪ್ಟನ್. ಇಲ್ಲೇ ಟೆಕ್ಸಸ್‌ನಲ್ಲಿ ಹುಟ್ಟಿ ಬೆಳೆದವನು. ಕಾಲೇಜಿನಲ್ಲಿ ಆರ್‌ಒಟಿಸಿ ಎಂಬ ಅಧಿಕಾರಿ ತರಬೇತಿಗೆ ಸೇರಿ, ಅದರ ವಿದ್ಯಾರ್ಥಿವೇತನದಲ್ಲೇ ಪದವಿ ಮುಗಿಸಿ, ಆಮೇಲೆ ನಾಲ್ಕು ವರ್ಷ ದುಡಿದಿದ್ದಾನೆ. ಈಗ ಎಂಬಿಎ ಮಾಡುವ ಆಸೆ. ಸೈನಿಕರ ಓದಿನ ಖರ್ಚು ಹೊರುವ ಜಿಐ ಬಿಲ್ ಇದೆಯಲ್ಲ ಎಂದು ಮನೆಯವರೆಲ್ಲ ನಿಶ್ಚಿಂತರಾಗಿದ್ದರು. ಯುಗಾದಿಯ ಊಟಕ್ಕೆ ಬಂದವನು, ‘ಮಾವ, ಅದಕ್ಕೆ ನನ್ನ ನಾಲ್ಕು ವರ್ಷ ಸೊನ್ನೆ’ ಎಂದ.

ಕಾಲೇಜಿನ ಕವಾಯತು ಸೇವೆಯಲ್ಲ, ಒಪ್ಪೋಣ. ಆದರೆ ಅಧಿಕಾರಿಯಾಗಿ ಗಡಿಯಾರ ನೋಡದೆ ದುಡಿದದ್ದು? 2009ರಿಂದ ಜಾರಿಯಲ್ಲಿರುವ ಪೋಸ್ಟ್ 9/11 ಜಿಐ ಬಿಲ್‌ನ ಪೂರ್ಣ ಸೌಲಭ್ಯಕ್ಕೆ 36 ತಿಂಗಳ ಸಕ್ರಿಯ ಸೇವೆ ಬೇಕು. ಆರ್‌ಒಟಿಸಿ ವಿದ್ಯಾರ್ಥಿವೇತನ ಪಡೆದವರು ಅದಕ್ಕೆ ಪ್ರತಿಯಾಗಿ ಸಲ್ಲಿಸಬೇಕಾದ ಕಡ್ಡಾಯ ಸೇವೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಎಣಿಕೆ ಶುರುವಾಗುವುದು ಅದು ಮುಗಿದ ಮೇಲೆ. ಮುಂದೆ 90 ದಿನ ದುಡಿದರೆ ಅರ್ಧ ಸೌಲಭ್ಯ. ಪೂರ್ತಿ ಬೇಕೆಂದರೆ ಇನ್ನೂ ಮೂರು ವರ್ಷ. ಇವನ ಜೊತೆಗೇ ಆರ್‌ಒಟಿಸಿಯಲ್ಲಿದ್ದು, ವಿದ್ಯಾರ್ಥಿವೇತನವಿಲ್ಲದೆ ಸಾಲ ಮಾಡಿ ಓದಿದ ಗೆಳೆಯನಿಗೆ ಅಧಿಕಾರಿಯಾಗಿ ಸೇವೆಗಿಳಿದ ದಿನದಿಂದಲೇ ಎಣಿಕೆ.

ಕೇಳುತ್ತ ನನಗೆ ನಮ್ಮ ಎನ್‌ಸಿಸಿ ನೆನಪಾಯಿತು. ಪೆರೇಡ್ ಮುಗಿದ ಮೇಲಿನ ಉಪ್ಪಿಟ್ಟಿಗಾಗಿಯೇ ಸೇರಿದವರೂ ನಮ್ಮಲ್ಲಿದ್ದರು, ಅದಿರಲಿ. ಅಲ್ಲಿ ಹೆಸರು ಮಾಡಿದವನಿಗೆ ಸಿಇಟಿಯಲ್ಲಿ ಮೀಸಲು ಸೀಟು. ಮುಂದೆ ಒಳ್ಳೆಯ ಗ್ರೇಡಿನ ಸಿ ಸರ್ಟಿಫಿಕೇಟ್ ಸಿಕ್ಕರೆ ಲಿಖಿತ ಪರೀಕ್ಷೆಯಿಲ್ಲದೆ ಸೇನಾಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಸಂದರ್ಶನಕ್ಕೆ ಅರ್ಜಿ ಹಾಕುವ ಅವಕಾಶ. ‘ನಿನಗೆ ಸೀಟು ಕೊಟ್ಟಾಯಿತಲ್ಲ, ಇನ್ನು ಇತ್ತ ಬರಬೇಡ’ ಎಂದು ಯಾರೂ ಅನ್ನುವುದಿಲ್ಲ. ಹುಡುಗ ಬಿಸಿಲಲ್ಲಿ ನಿಂತಿದ್ದ ಎನ್ನುವ ಮರ್ಯಾದೆ ಅಲ್ಲಿದೆ. ಇಲ್ಲಿ, ಕೊಟ್ಟದ್ದನ್ನು ಬರೆದಿಟ್ಟುಕೊಂಡು ಮುರಿದುಕೊಳ್ಳುವ ಬುದ್ಧಿ. ಮಾತೆತ್ತಿದರೆ ‘ನಿಮ್ಮ ಸೇವೆಗೆ ಧನ್ಯವಾದ’ ಎನ್ನುವ ದೇಶ ಇದು, ಧನ್ಯವಾದಕ್ಕೇನು ಖರ್ಚು!

ಇಷ್ಟು ಕೂಗಾಡಿದ ಮೇಲೆ ಅವನು ತಣ್ಣಗೆ ಕೇಳಿದ: ‘ಎನ್‌ಸಿಸಿಯವರು ನಿಮ್ಮ ಕಾಲೇಜು ಫೀಸು ಕಟ್ಟಿದ್ದರೇ? ಸೇನೆಗೆ ಬರಲೇಬೇಕು ಎಂದು ಬರೆಸಿಕೊಂಡಿದ್ದರೇ?’ ಇಲ್ಲ. ನಾಲ್ಕು ವರ್ಷ ಇವನ ಫೀಸನ್ನು ಸೇನೆಯೇ ಕಟ್ಟಿತ್ತು. ಆ ಗೆಳೆಯ ಇಂದಿಗೂ ಕಂತು ಕಟ್ಟುತ್ತಿದ್ದಾನೆ. ವಿದ್ಯಾರ್ಥಿವೇತನದ ಋಣ ತೀರಿಸಲು ದುಡಿದ ವರ್ಷಗಳಿಗೆ ಮತ್ತೊಂದು ಓದನ್ನು ಕೇಳುವುದು ಹೆಚ್ಚಾಯಿತು ಎಂದರೆ ನನ್ನಲ್ಲಿ ಉತ್ತರವಿಲ್ಲ. ಆದರೂ ನಾಲ್ಕರಲ್ಲಿ ಎರಡನ್ನಾದರೂ ಎಣಿಸಬಹುದಿತ್ತು ಎಂಬ ನನ್ನ ಹಟ ಬಿಟ್ಟಿಲ್ಲ.

ಅವನು ಇನ್ನೂ ಮೂರು ವರ್ಷ ಸೇನೆಯಲ್ಲೇ ಉಳಿಯುತ್ತಾನಂತೆ. ಅಕ್ಕ ಆಗಲೇ ಜಾತಕ ತೆಗೆದಿಟ್ಟಿದ್ದಳು. ಈಗ ಅವಳಿಗೆ ಜಿಐ ಬಿಲ್ ಮೇಲೆ ನನಗಿಂತ ಹೆಚ್ಚು ಸಿಟ್ಟು.